ಬಾವನವರ ಎರಡು ಕ್ಯಾಮೆರಾ, ಅತ್ತೆಯ ಒಂದು ಸೀರೆ

ನಮ್ಮ ಬಾವನವರಷ್ಟು ಗಟ್ಟಿ ಮನಸ್ಸಿನ ಮನುಷ್ಯರು ಗದಗ-ಬೆಟಗೇರಿ ಎರಡೂ ಊರು ಹುಡುಕಿದರೂ ನಿಮಗೆ ಸಿಗಲಾರರು. ಹೊಸ ಕ್ಯಾಮೆರಾ ಕೊಳ್ಳಬೇಕೆಂದು ಅವರು ಮನಸ್ಸು ಮಾಡಿ ಮೂರು ವರ್ಷವಾಯಿತು. ಯಾವ ಕ್ಯಾಮೆರಾ ಎಂಬುದನ್ನು ಮಾತ್ರ ತೀರ್ಮಾನಿಸಬಾರದೆಂಬ ತೀರ್ಮಾನದಿಂದ ಅವರು ಒಂದು ದಿನವೂ ಕದಲಲಿಲ್ಲ. ಸಾಮಾನ್ಯರಿಂದ ಆಗುವ ಮಾತೇ ಇದು?

ಬಾವ ಎಂದರೆ ನಮ್ಮ ಯಜಮಾನರ ಅಣ್ಣ. ಮುಂಡರಗಿಯ ಶಾಲೆಯೊಂದರಲ್ಲಿ ಚಿತ್ರಕಲಾ ಮಾಸ್ತರರಾಗಿದ್ದು, ನಿವೃತ್ತಿಯಾದ ಮೇಲೆ ಬೆಟಗೇರಿಯ ನಮ್ಮ ಮನೆಯಲ್ಲೇ ಇದ್ದಾರೆ. ಮದುವೆಯಾಗಿಲ್ಲ. ಆಗಬಾರದೆಂದೇನೂ ಇರಲಿಲ್ಲ. ಶಿರಹಟ್ಟಿಯ ಕನ್ಯೆಯೊಂದು, ಲಕ್ಷ್ಮೇಶ್ವರದ ಕನ್ಯೆಯೊಂದು, ಎರಡೂ ಕಡೆಯವರು ಒಪ್ಪಿದ್ದರಂತೆ. ಇವರು ಯೋಚಿಸುತ್ತಿರುವಾಗಲೇ ಇಬ್ಬರಿಗೂ ಬೇರೆ ಕಡೆ ಮದುವೆಯಾಯಿತು. ಹೋದ ವರ್ಷ ಶಿರಹಟ್ಟಿಯಾಕೆಯ ಮೊಮ್ಮಗನ ಜವಳಕ್ಕೆ ಹೋಗಿ, ತಮ್ಮ ಹಳೆಯ ಕ್ಯಾಮೆರಾದಲ್ಲಿ ಇವರೇ ಫೋಟೊ ತೆಗೆದುಕೊಟ್ಟು, ಹೋಳಿಗೆ ಉಂಡು ಬಂದರು.

ಹೊಸ ಕ್ಯಾಮೆರಾ ಬೇಕಾದದ್ದು ಅತ್ತೆಯ ಸೀರೆಗಾಗಿ. ನಮ್ಮ ಮಾವನವರು ನೇಕಾರರು. ತಮ್ಮ ಕೈಯಾರೆ, ತಮ್ಮದೇ ಮಗ್ಗದಲ್ಲಿ ಅತ್ತೆಗೊಂದು ಸೀರೆ ನೇಯ್ದಿದ್ದರು. ಕುಂಕುಮದ ಬಣ್ಣ, ಅಂಚಿನುದ್ದಕ್ಕೂ ಸಣ್ಣ ಸಣ್ಣ ಗೋಪುರಗಳ ದಡಿ. ಮಾವ ಹೋದರು, ಮಗ್ಗ ಹೋಯಿತು, ಸೀರೆ ಉಳಿಯಿತು. ಆದರೆ ಮಡಿಕೆ ಮಡಿಕೆಯಲ್ಲೂ ಜೀರ್ಣವಾಗಿ, ಮುಟ್ಟಿದರೆ ಹಪ್ಪಳದಂತೆ ಮುರಿಯುವ ಸ್ಥಿತಿಗೆ ಬಂದಿದೆ. ಅಂಥದ್ದೇ ಇನ್ನೊಂದನ್ನು ನೇಯಿಸಿ, ಕಣ್ಣು ಮುಚ್ಚುವುದರೊಳಗೆ ಒಮ್ಮೆ ಉಡಬೇಕೆಂಬುದು ಅತ್ತೆಯ ಆಸೆ. ಆ ದಡಿ ಬಲ್ಲವರು ನಮ್ಮ ಓಣಿಯ ಕೊನೆಯ ಮನೆಯ ಅಜ್ಜ ಒಬ್ಬರೇ. ಅವರು ಬಂದು ಸೀರೆ ನೋಡಿ, ಮುಟ್ಟದೆ ಕೈ ಹಿಂದಕ್ಕೆ ಕಟ್ಟಿಕೊಂಡು ಹೇಳಿದ್ದರು:

"ಒಮ್ಮೆ ಬಿಚ್ಚಬಹುದು. ಎರಡನೇ ಸರತಿ ಬಿಚ್ಚಿದ್ರ ಕೈಯಾಗ ಬೂದಿ ಬರತೈತಿ. ಆ ಒಮ್ಮೆದಾಗ ಎಳಿ ಎಳಿ ಎಣಿಸೂವಂಗ ಫೋಟೊ ತಗದು ಕೊಡ್ರಿ, ನೇಯ್ದು ಕೊಡ್ತೀನಿ."

ಒಮ್ಮೆ ಮಾತ್ರ! ಆಯ್ಕೆಯೆಂದರೆ ಕೈಕಾಲು ಬಿಡುವ ಮನುಷ್ಯನಿಗೆ ಇದಕ್ಕಿಂತ ದೊಡ್ಡ ಶಿಕ್ಷೆ ಉಂಟೇ?

ಬಾವ ಹುಡುಕಾಟಕ್ಕೆ ಇಳಿದರು. ಕೊನೆಗೆ ಉಳಿದದ್ದು ಎರಡು ಜಾತಿ. ಒಂದು ಫುಲ್ ಫ್ರೇಮ್, ಇನ್ನೊಂದು ಮೀಡಿಯಂ ಫಾರ್ಮ್ಯಾಟ್. ನಾನು ಕಾನ್ವೆಂಟಿನಲ್ಲಿ ಓದಿದವಳೆಂಬ ಒಂದೇ ತಪ್ಪಿಗೆ, ಇಂಟರ್ನೆಟ್ಟಿನಲ್ಲಿ ಈ ಎರಡರ ಬಗ್ಗೆ ಇಂಗ್ಲಿಷಿನಲ್ಲಿ ಬರೆದದ್ದನ್ನೆಲ್ಲ ಓದಿ ಹೇಳುವ ಕೆಲಸ ನನಗೆ ಬಿತ್ತು. ಅದೂ ರೊಟ್ಟಿ ಬಡಿಯುವ ಹೊತ್ತಿಗೆ. ಫೋನನ್ನು ಹಿಟ್ಟಿನ ಡಬ್ಬಿಗೆ ಒರಗಿಸಿ, ಒಂದು ರೊಟ್ಟಿ ಬಡಿದು, ಒಂದು ಪ್ಯಾರಾ ಓದಿ, ರೊಟ್ಟಿ ಮಗುಚಿ, ಅರ್ಥ ಹೇಳುತ್ತಿದ್ದೆ.

"ಒಳಗಿನ ಬೆಳಕು ಹಿಡಿಯೋ ಬಿಲ್ಲೆ ಇರತದಲ್ರಿ ಬಾವಾರ, ಮೀಡಿಯಂದು ಫುಲ್‌ಗಿಂತ ಒಂದೂವರಿ ಪಟ್ಟು ದೊಡ್ಡದಂತ. ಸಣ್ಣ ಸಣ್ಣದೆಲ್ಲಾ ಚೊಲೋ ಕಾಣತದಂತ. ಆದ್ರ ಭಾಳ ಸಾವಕಾಶ."

ಜೋಳದ ಕಾಳಿನಲ್ಲಿ ಕಲ್ಲು ಆರಿಸುತ್ತಿದ್ದ ಅತ್ತೆ ಕತ್ತೆತ್ತಿದರು. "ಫುಲ್ ಅಂದ್ರ ಪೂರ್ತಿ ಹೌದಿಲ್ಲೋ? ಪೂರ್ತಿಕಿಂತ ನಡಕಿಂದು ಹೆಂಗ ದೊಡ್ಡದಾತು? ಅಂಗಡ್ಯಾಂವ ನಿನಗ ಟೋಪಿ ಹಾಕ್ಯಾನು, ನೋಡಕೋ."

ಅಷ್ಟಕ್ಕೇ ಮೀಡಿಯಂ ಫಾರ್ಮ್ಯಾಟ್ ಮೇಲೆ ಬಾವನವರಿಗೆ ಸಂಶಯ ಹುಟ್ಟಿ, ಖರೀದಿ ಆರು ತಿಂಗಳು ಮುಂದಕ್ಕೆ ಹೋಯಿತು.

ಆಮೇಲೆ ಅವರು ಹಳೆಯ ಲಗ್ನಪತ್ರಿಕೆಯ ರಟ್ಟಿನಲ್ಲಿ ಎರಡು ಕಿಂಡಿ ಕತ್ತರಿಸಿಕೊಂಡರು. ಒಂದು ಫುಲ್ ಫ್ರೇಮ್ ಅಳತೆಯದು, ಇನ್ನೊಂದು ಮೀಡಿಯಂ ಅಳತೆಯದು. ಎರಡನ್ನೂ ಅಂಗಿಯ ಜೇಬಿನಲ್ಲಿಟ್ಟುಕೊಂಡು, ಕಂಡದ್ದನ್ನೆಲ್ಲ ಮೊದಲು ಇದರಲ್ಲಿ, ಆಮೇಲೆ ಅದರಲ್ಲಿ ನೋಡುವುದು. ನಾನು ಬಡಿದ ರೊಟ್ಟಿಯನ್ನೂ ಹಾಗೆ ನೋಡಿ, "ಎರಡರಾಗೂ ದುಂಡಗ ಐತಿ" ಎಂದು ಪ್ರಮಾಣಪತ್ರ ಕೊಟ್ಟರು. ಲಕ್ಷ್ಮೇಶ್ವರದ ಬಸ್ಸಿನಲ್ಲಿ ಕಂಡಕ್ಟರನನ್ನು ಕಿಂಡಿಯಿಂದ ನೋಡುತ್ತ ಕುಳಿತರಂತೆ. ಅವನೂ ಬಗ್ಗಿ ಆ ಕಡೆಯಿಂದ ಇವರ ಕಣ್ಣಿಗೇ ಕಣ್ಣಿಟ್ಟು, "ಮಾಸ್ತರ್ರ, ಚಿಲ್ಲರ ಇದ್ರಾಗಿಂದ ಕೊಡ್ತೀರೇನ್ರಿ?" ಎಂದನಂತೆ.

ಸೀರೆಗೆ ಯಾವ ಬೆಳಕು ಒಳ್ಳೆಯದೆಂದು ನೋಡಲು, ನಾನು ಅಕ್ಕನ ಮನೆಗೆ ಹೋದ ದಿನ ನನ್ನ ಬೀರುವಿನ ಸೀರೆಗಳನ್ನೆಲ್ಲ ಮಾಳಿಗೆಯ ಮೇಲೆ ಸಾಲಾಗಿ ತೂಗುಹಾಕಿದ್ದರು. ನಾನು ಬರುವಷ್ಟರಲ್ಲಿ ಮೂರು ಜನ ಹೆಂಗಸರು ಮೆಟ್ಟಿಲು ಹತ್ತಿ ಬಂದು ಬಣ್ಣ ನೋಡುತ್ತಿದ್ದಾರೆ! ಒಬ್ಬಾಕೆಯ ಕೈಯಲ್ಲಿ ನನ್ನ ಹಸಿರು ಸೀರೆ.

"ಇದ ಎಷ್ಟಕ್ಕ ಬಿಡ್ತೀರಿ?" ಎಂದು ಆಕೆ.

"ಅದು ಮಾರಾಕಲ್ರಿ ಅಕ್ಕಾರ, ಎಳಿ ಎಣಸಾಕ," ಎಂದು ಬಾವ.

ಆಕೆ ಸೀರೆಯನ್ನು ಮೆಲ್ಲಗೆ ಹಗ್ಗದ ಮೇಲೆ ಹಾಕಿ, ನನ್ನ ಕಡೆ ಕನಿಕರದಿಂದ ನೋಡಿ ಇಳಿದು ಹೋದಳು. ಇಂದಿಗೂ ಸಂತೆಯಲ್ಲಿ ಸಿಕ್ಕರೆ "ಈಗ ಹೆಂಗದಾರ್ರಿ ಅವರು?" ಎಂದು ಕೇಳುತ್ತಾಳೆ.

ಹೀಗೇ ಇನ್ನೂ ಮೂರು ವರ್ಷ ಕಳೆಯುತ್ತಿತ್ತೇನೋ. ಒಂದು ಬೆಳಿಗ್ಗೆ ಓಣಿಯ ಅಜ್ಜ ಕೋಲೂರಿಕೊಂಡು ಬಂದು ಕಟ್ಟೆಯ ಮೇಲೆ ಕುಳಿತರು. "ನನ್ನ ಕಣ್ಣು ಮಂಜಾಗಾಕ ಹತ್ಯಾವ. ದೀಪಾವಳಿ ಆದಮ್ಯಾಲ ಮಗ್ಗ ಬಿಚ್ಚತೀನಿ. ನಿಮ್ಮ ಕ್ಯಾಮೆರಾ ಬರೂದು ನನ್ನ ಕಣ್ಣು ಇರೂತನಕಾನೋ, ಹೋದಮ್ಯಾಲೋ, ಅಷ್ಟ ಹೇಳ್ರಿ."

ಅತ್ತೆ ಆರಿಸಿಟ್ಟ ಜೋಳವನ್ನೇ ಮತ್ತೊಮ್ಮೆ ಆರಿಸತೊಡಗಿದರು. ಅದನ್ನು ನಾನು ನೋಡಿದೆ. ಬಾವನವರೂ ನೋಡಿದರು.

ಮರುದಿನವೇ ಹುಬ್ಬಳ್ಳಿಗೆ ಹೋಗಿ ಮೀಡಿಯಂ ಫಾರ್ಮ್ಯಾಟ್ ಕ್ಯಾಮೆರಾವನ್ನು ಎರಡು ದಿನದ ಬಾಡಿಗೆಗೆ ತಂದರು. ಬರುವಾಗ, ಮದುವೆ ಫೋಟೊ ತೆಗೆಯುವ ಲಕ್ಷ್ಮೇಶ್ವರದ ತಮ್ಮ ಹಳೆಯ ವಿದ್ಯಾರ್ಥಿಯಿಂದ ಫುಲ್ ಫ್ರೇಮನ್ನೂ ಕೇಳಿ ತಂದರು. ಎರಡೂ ತಂದದ್ದೇಕೆಂದು ಕೇಳಬೇಡಿ. ನಮ್ಮ ಕಾನ್ವೆಂಟಿನ ಸಿಸ್ಟರ್, ಒಂದೇ ಪ್ರಶ್ನೆಗೆ ಎರಡು ಉತ್ತರ ಬರೆದರೆ ಎರಡಕ್ಕೂ ಸೊನ್ನೆ ಹಾಕುತ್ತಿದ್ದರು. ಬಾವನವರು ಅವರ ಕೈಗೆ ಸಿಗಲಿಲ್ಲ, ಅಷ್ಟೇ.

ಓಣಿಯ ಅಜ್ಜನವರನ್ನು ಕರೆಸಿ, ಪಡಸಾಲೆಯಲ್ಲಿ ಬಿಳಿ ಹಚ್ಚಡ ಹಾಸಿದೆವು. ಅತ್ತೆಯೇ ಸೀರೆಯನ್ನು ಬಿಚ್ಚಿದರು. ಒಂದೊಂದು ಮಡಿಕೆಗೂ ಉಸಿರು ಬಿಗಿಹಿಡಿದು, ಹಸುಗೂಸಿನ ದುಪಟಿ ಸರಿಸುವ ಹಾಗೆ. ಬಾವ ಸ್ಟೂಲು ಹತ್ತಿ ಮೀಡಿಯಂ ಫಾರ್ಮ್ಯಾಟಿನಲ್ಲಿ ಇಡೀ ಸೀರೆಯನ್ನು ತೆಗೆದು, ಕಂಪ್ಯೂಟರಿಗೆ ಹಾಕಿ, ಅಜ್ಜನವರ ಮುಂದಿಟ್ಟರು. ದಡಿಯ ಉದ್ದಕ್ಕೂ ಹಸಿರು, ನೇರಳೆ, ಹಳದಿ ಅಲೆಗಳು!

"ನನ್ನ ಸೀರ್ಯಾಗ ಕಾಮನಬಿಲ್ಲು ಯಾರು ನೇಯ್ದ್ರು?" ಎಂದರು ಅತ್ತೆ.

ಫುಲ್ ಫ್ರೇಮಿನಲ್ಲಿ ತೆಗೆದರು. ಅದರಲ್ಲೂ ಕಾಮನಬಿಲ್ಲೇ, ಇನ್ನೂ ಸ್ವಲ್ಪ ದಪ್ಪಗೆ. ನಾನು ಫೋನಿನಲ್ಲಿ ಹುಡುಕಿ ಓದಿದೆ. ದೂರದಿಂದ ತೆಗೆದಾಗ ನೇಯ್ಗೆಯ ಎಳೆ ಕ್ಯಾಮೆರಾದ ಬಿಲ್ಲೆಯ ಚುಕ್ಕಿಗಳಷ್ಟೇ ಸಣ್ಣದಾಗಿ ಬಿದ್ದರೆ ಹೀಗೆ ಇಲ್ಲದ ಬಣ್ಣ ಕಾಣುತ್ತದಂತೆ. ಅಜ್ಜ ತಮ್ಮ ಎಳೆ ಎಣಿಸುವ ಗಾಜನ್ನು ಜೇಬಿನಿಂದ ತೆಗೆದು, ಅಂಚಿನ ಮೇಲೆ ಮೂಗು ತಾಗುವಷ್ಟು ಬಗ್ಗಿದರು.

"ಮಾಸ್ತರ್ರ, ನಾವು ಎಳಿ ಎಣಸೂದು ಹಿಂಗ. ನೀವು ಸ್ಟೂಲ್ ಮ್ಯಾಲ ಹತ್ತಿ ನಿಂತೀರಿ. ಯಾವ ಕ್ಯಾಮೆರಾ ಆದ್ರೂ ಆಗವಲ್ದ್ಯಾಕ, ಹತ್ರ ಬರ್ರಿ."

ಹತ್ತಿರ ಹೋಗುವ ಲೆನ್ಸು ಮೀಡಿಯಂ ಫಾರ್ಮ್ಯಾಟಿಗೆ ಕೊಟ್ಟಿರಲಿಲ್ಲ. ಲಕ್ಷ್ಮೇಶ್ವರದ ವಿದ್ಯಾರ್ಥಿಯ ಚೀಲದ ತಳದಲ್ಲಿ ಮಾತ್ರ ಒಂದಿತ್ತು. ಮದುವೆಯಲ್ಲಿ ತಾಳಿ, ಉಂಗುರ ತೆಗೆಯಲು ಇಟ್ಟುಕೊಂಡದ್ದು. ಮೂರು ವರ್ಷದ ಪ್ರಶ್ನೆ ಅಲ್ಲಿಗೆ ಮುಗಿಯಿತು, ಫುಲ್ ಫ್ರೇಮ್ ಗೆದ್ದಿತು. ಬಾವ ನೆಲಕ್ಕೆ ಮೊಣಕಾಲೂರಿ, ಗೇಣು ಗೇಣು ಸರಿಯುತ್ತ ದಡಿಯನ್ನೆಲ್ಲ ತೆಗೆದರು. ಬೆಳಿಗ್ಗೆ ಶುರು ಮಾಡಿದವರು ಊಟಕ್ಕೂ ಏಳಲಿಲ್ಲ. ಈಗ ಎಳೆಗಳು ಹಗ್ಗದಷ್ಟು ದಪ್ಪಗೆ, ಒಂದೊಂದಾಗಿ ಕಂಡವು.

ಅಜ್ಜ ಪರದೆಯ ಮೇಲೆ ಬೆರಳಿಟ್ಟು ಎಣಿಸುತ್ತ ಹೋದರು. ಸೆರಗು ದಾಟಿ ಅರ್ಧ ಸೀರೆಯಾದ ಮೇಲೆ ಬೆರಳು ನಿಂತಿತು.

"ಇಲ್ಲಿ ಎರಡ ಎಳಿ ತಪ್ಯಾವ. ಅಂಥಾ ನೇಕಾರ ಇಡೀ ಸೀರ್ಯಾಗ ಇದೊಂದ ಕಡಿ ತಪ್ಯಾನ. ನಾ ಸರಿ ಮಾಡಿ ನೇಯ್ತೀನಿ."

ಅತ್ತೆ ಗೋಡೆ ಹಿಡಿದು ಎದ್ದು ಬಂದರು. ಕನ್ನಡಕವನ್ನು ಸೆರಗಿನಲ್ಲಿ ಒರೆಸಿ ಹಾಕಿಕೊಂಡರು.

"ಬ್ಯಾಡ್ರಿ. ಹಂಗ ನೇಯ್ರಿ. ನಾ ಚೊಚ್ಚಲ ಹಡ್ಯಾಕಂತ ಹೊಂಬಳಕ್ಕ, ತವರಮನಿಗೆ ಹೋಗಿದ್ದೆ. ಗಂಡುಮಗ ಹುಟ್ಟ್ಯಾನಂತ ಖಬರ ಬಂದಾಗ ಇವರು ಮಗ್ಗದ ಮ್ಯಾಲ ಇದ್ರಂತ. ಖುಷಿಯಾಗ ಎರಡ ಎಳಿ ತಪ್ಪಿದ್ವು, ಬಿಚ್ಚಿ ಸರಿ ಮಾಡಾಕ ಮನಸ ಬರಲಿಲ್ಲ ಅಂದಿದ್ರು. ಎಲ್ಲಿ ಅಂತ ಕೇಳಿದ್ರ, ನೀನ ಹುಡಕು ಅಂತ ನಕ್ಕಿದ್ರು. ಉಟ್ಟಾಗೆಲ್ಲಾ ಹುಡಕೀನಿ, ಸಿಕ್ಕಿರಲಿಲ್ಲ."

ಆಮೇಲೆ, ನೆಲದ ಮೇಲೆ ಕುಳಿತಿದ್ದ ಮಗನ ನರೆತ ತಲೆಯ ಮೇಲೆ ಕೈಯಿಟ್ಟರು.

"ಅದನ್ನ ಇನ್ನಷ್ಟ ದೊಡ್ಡದ ಮಾಡಪಾ."

ಬಾವ ಈ ಸಲ ಒಂದು ಕ್ಷಣವೂ ಯೋಚಿಸಲಿಲ್ಲ.