ಕುಗ್ಗದ ಮೆತ್ತೆ

"ಇನ್ಮೇಲೆ ಈ ಮನೇಲಿ ಯಾವ ಕುರ್ಚಿನೂ ಕುಗ್ಗಲ್ಲ" ಎಂದು ಚಂದ್ರಮೌಳಿಯವರು ಹಳೆಯ ಬೆಡ್‌ಶೀಟು ಎಳೆದು ತಮ್ಮ ಹೊಸ ಯಂತ್ರವನ್ನು ಹೆಂಡತಿಗೆ ತೋರಿಸಿದರು. ಕೆಳಗೊಂದು ಹಲಗೆ, ಮೇಲೆ ಫೋಮ್ ಕುಯ್ಯಲು ಕೆಂಪಗೆ ಕಾಯುವ ತಂತಿ, ಪಕ್ಕದಲ್ಲಿ ಎಂಥದೋ ಕಂದು ದ್ರಾವಣ ತುಂಬಿದ ಡಬ್ಬ.

"ಫೋಮ್ ಅಂಗಡಿಯವನೇ ಅಳತೆಗೆ ಕುಯ್ದು ಕೊಡ್ತಿದ್ದ" ಎಂದಳು ಪ್ರಭಾವತಿ.

"ಅವನು ಕೊಡೋದು ಆರು ತಿಂಗಳಲ್ಲಿ ಹಪ್ಪಳ ಆಗುತ್ತೆ. ಇದು ಹಲಗೆ ಮೇಲೆ ಕೂತವರ ತೂಕ ನೋಡ್ಕೊಂಡು ಫೋಮ್‌ಗೆ ಶಕ್ತಿ ತುಂಬುತ್ತೆ. ಮೈಶಾಖ ತಾಗಿದ್ರೆ ಸಾಕು, ನಾವು ಒತ್ತಿದಷ್ಟೂ ಅದು ತಿರುಗಿ ಒತ್ತುತ್ತೆ."

ಪಾಲಿಟೆಕ್ನಿಕ್‌ನ ವರ್ಕ್‌ಶಾಪಿನಿಂದ ನಿವೃತ್ತರಾದ ಮೇಲೆ ಚಂದ್ರಮೌಳಿಯವರು ಕಂಡುಹಿಡಿದದ್ದು ಯಾವುದೂ ಕೆಲಸ ಮಾಡಿಲ್ಲವೆಂದರೆ ನಾಲಗೆಗೆ ಪಾಪ ಬಂದೀತು. ಎಲ್ಲವೂ ಮಾಡಿವೆ. ಹೇಳಿದ ಕೆಲಸ ಒಂದನ್ನು ಬಿಟ್ಟು. ಬೇರೆ ದಿನವಾಗಿದ್ದರೆ ಪ್ರಭಾವತಿ ಯಂತ್ರವನ್ನು ಗುಜರಿಗೆ ಹಾಕಿಸಿಯೇ ಮಾತಾಡುತ್ತಿದ್ದಳು. ಆದರೆ ಅವತ್ತು ಅವಳಿಗೆ ಒಂದು ಒಳ್ಳೆಯ ಕುರ್ಚಿ ಬೇಕೇ ಬೇಕಾಗಿತ್ತು, ಅಕ್ಕ ಬರುವವರಿದ್ದರು.

ಪ್ರಭಾವತಿಯ ಮಗಳ ಮದುವೆಯಲ್ಲಿ ಈ ಅಕ್ಕ, ಗಂಗಕ್ಕ, ಮುಂದಿನ ಸಾಲಿನಲ್ಲಿ ಕೂತಿದ್ದರು. ಬೀಗರ ಕಡೆಯ ಹಿರಿಯರು ಯಾರೋ ಬಂದರೆಂದು ಪ್ರಭಾವತಿ "ಸ್ವಲ್ಪ ಏಳಕ್ಕ" ಎಂದಳು. ಗಂಗಕ್ಕ ಎದ್ದರು. ಎದ್ದವರು ಊಟಕ್ಕೂ ನಿಲ್ಲದೆ ತಿಪಟೂರಿಗೆ ಹೊರಟೇಬಿಟ್ಟರು. ಅಮ್ಮ ಹೋದ ಮೇಲೆ ತಂಗಿಗೆ ತಲೆ ಬಾಚಿ, ಜಡೆ ಹಾಕಿ ಸ್ಕೂಲಿಗೆ ಕಳಿಸಿದ ಅಕ್ಕ, ವರ್ಷಗಟ್ಟಲೆ ತುಮಕೂರಿನ ಈ ಮನೆಯ ಹೊಸ್ತಿಲು ತುಳಿಯಲಿಲ್ಲ. ಈಗ ತಮ್ಮ ಮೊಮ್ಮಗನ ನಾಮಕರಣಕ್ಕೆ ಕರೆಯಲು ಬರುತ್ತೇನೆಂದು ಫೋನ್ ಮಾಡಿ, "ಕೂರೋದೇನಿಲ್ಲ, ನಿಂತೇ ಕರೆದು ಹೋಗ್ತೀನಿ" ಎಂದಿದ್ದರು. ಅಕ್ಕ ನಿಂತೇ ಹೋದರೆ ಇನ್ನು ಈ ಜನ್ಮದಲ್ಲಿ ಬರುವುದಿಲ್ಲವೆಂದು ಪ್ರಭಾವತಿಗೆ ಗೊತ್ತಿತ್ತು. ಒಂದು ಗಳಿಗೆಯಾದರೂ ಅವರನ್ನು ಕೂರಿಸಬೇಕು, ಅಷ್ಟೇ ಅವಳ ಆಸೆ.

"ಪೂಜೆ ಮಾಡದೆ ಹೊಸ ಯಂತ್ರ ಮುಟ್ಬೇಡಿ" ಎಂದು ಅವಳು ಕುಂಕುಮ, ತೆಂಗಿನಕಾಯಿ ತಂದಳು. "ದಂಪತಿ ಕೂತು ಮಾಡ್ಬೇಕು, ಬನ್ನಿ." ಊಟದ ಮೇಜಿನ ಕುರ್ಚಿಗಳನ್ನೆಲ್ಲ ಅವರು ಆಗಲೇ ಬಿಚ್ಚಿ ಹರಡಿದ್ದರು. ಕೂರಲು ಬೇರೇನೂ ಕಾಣದೆ ಇಬ್ಬರೂ ಯಂತ್ರದ ಹಲಗೆಯ ಮೇಲೇ ಒತ್ತಿಕೊಂಡು ಕೂತು ಮಂಗಳಾರತಿ ಮಾಡಿದರು. ಯಂತ್ರ ಒಮ್ಮೆ ಗುಂಯ್ ಎಂದಿತು.

"ನೋಡು, ಪೂಜೆ ಒಪ್ಪಿಕೊಂಡಿತು" ಎಂದರು ಚಂದ್ರಮೌಳಿ.

ಚಂದ್ರಮೌಳಿ ಕುರ್ಚಿಯ ಸೀಟಿನ ಹಲಗೆಯಿಂದ ಹಳೆಯ ಪಿನ್ನುಗಳನ್ನು ಕಿತ್ತು, ಹಳೆಯ ಫೋಮನ್ನೇ ಅಳತೆಗಿಟ್ಟು ಹೊಸದನ್ನು ಕುಯ್ದರು. ತಂತಿ ಬೆಣ್ಣೆಯಲ್ಲಿ ಹೋದಂತೆ ಹೋಯಿತು. ದ್ರಾವಣ ಕುಡಿಸಿ, ಮೇಲೆ ಹಸಿರು ಬಟ್ಟೆ ಬಿಗಿದು ಪಿನ್ನು ಹೊಡೆಯುವ ಹೊತ್ತಿಗೆ ಒಂದು ಕುರ್ಚಿ ಮಾತ್ರ ಮುಗಿದಿತ್ತು. ಚೆನ್ನಾಗಿಯೇ ಇತ್ತು, ಸುಳ್ಳೇಕೆ ಹೇಳಬೇಕು.

"ಕೂತು ನೋಡ್ಲಾ?"

"ಬೇಡ. ಮೊದಲು ಅಕ್ಕನೇ ಕೂರ್ಲಿ."

ಗಂಗಕ್ಕ ಬಂದರು, ಕೈಯಲ್ಲಿ ಕುಂಕುಮದ ಭರಣಿ. ತಂಗಿ ಕುರ್ಚಿ ಎಳೆದಳು.

"ಬೇಡಮ್ಮ. ಕೂತ್ರೆ ಯಾರಾದ್ರೂ ಬಂದು ಏಳು ಅಂತಾರೆ."

ಪ್ರಭಾವತಿ ಕುರ್ಚಿಯನ್ನು ಇನ್ನಷ್ಟು ಹತ್ತಿರ ತಂದಳು. "ಮಗೂಗೆ ಹೆಸರಿಡೋ ಶುಭಕಾರ್ಯ. ಕರೆಯೋಕೆ ಬಂದೋರು ನಿಂತೇ ಹೋಗ್ಬಾರ್ದಕ್ಕ."

ಮಗುವಿಗೆ ಒಳ್ಳೆಯದಾಗಲೆಂದು ಗಂಗಕ್ಕ ಕುರ್ಚಿಯ ತುದಿಯಲ್ಲಿ ಕೂತರು. ತಂಗಿಯ ಹಣೆಗೆ ಕುಂಕುಮವಿಟ್ಟರು. ಎರಡು ನಿಮಿಷ ಎಲ್ಲವೂ ಸರಿಯಿತ್ತು. ಆಮೇಲೆ ಅವರು ಕೆಳಗೆ ನೋಡಿಕೊಂಡರು.

"ಪ್ರಭಾ, ನನ್ನ ಕಾಲು ನೆಲಕ್ಕೆ ತಾಗ್ತಿಲ್ಲ ಕಣೇ."

ಪಟಪಟನೆ ಪಿನ್ನು ಹಾರಿದವು. ಫೋಮ್ ಹುದುಗು ಬಂದ ಹಿಟ್ಟಿನ ಹಾಗೆ ಉಬ್ಬಿ, ಗಂಗಕ್ಕನನ್ನು ಹೊತ್ತುಕೊಂಡು ಮೇಜು ದಾಟಿ, ಕ್ಯಾಲೆಂಡರ್ ದಾಟಿ, ಗೋಡೆಯ ಮೇಲಿದ್ದ ಮಾವನವರ ಫೋಟೋದ ಎತ್ತರಕ್ಕೆ ಬಂತು.

"ರೀ, ಫ್ಯಾನ್ ಆರಿಸ್ರೀ!" ಎಂದು ಪ್ರಭಾವತಿ ಕೂಗಿದಳು.

"ಅವತ್ತು ಎಲ್ಲರೆದುರು ಎಬ್ಬಿಸಿದ್ದು ಸಾಲ್ಲಿಲ್ಲ ಅಂತ ಇವತ್ತು ಸೂರಿಗೆ ಕಟ್ತೀಯ?" ಎಂದರು ಗಂಗಕ್ಕ ಮೇಲಿಂದ.

ಚಂದ್ರಮೌಳಿ ಓಡಿಹೋಗಿ ಯಂತ್ರದ ತೂಕದ ಮುಳ್ಳು ನೋಡಿ ಹಣೆ ಚಚ್ಚಿಕೊಂಡರು. "ಪೂಜೆಗೆ ಕೂತ್ವಲ್ಲ, ಇಬ್ಬರನ್ನೂ ಸೇರಿಸಿ ಇದು ಒಬ್ಬರು ಅಂದ್ಕೊಂಡಿದೆ. ಇನ್ನೊಬ್ಬರ ತೂಕ ಬಿದ್ರೆ ಇಳಿಯುತ್ತೆ. ತಡೀರಿ ಅತ್ತಿಗೆ, ನಾನು ಹತ್ತಿ ಬರ್ತೀನಿ."

"ನೀವು ಬಂದ್ರೆ ನಾನು ಇಲ್ಲಿಂದ ಹಾರ್ತೀನಿ."

ಪ್ರಭಾವತಿ ಸೆರಗು ಸಿಕ್ಕಿಸಿ ಮೇಜು ಹತ್ತಿದಳು, ಮೇಜಿನ ಮೇಲೆ ಸ್ಟೂಲಿಟ್ಟು ಅದನ್ನೂ ಹತ್ತಿದಳು. ಮೊಣಕಾಲು ಕಟಕಟ ಎಂದಿತು. "ಸ್ವಲ್ಪ ಸರಿ ಅಕ್ಕ." ಒಬ್ಬರ ಜಾಗದಲ್ಲಿ ಇಬ್ಬರು ಸೊಂಟಕ್ಕೆ ಸೊಂಟ ತಾಗಿಸಿ ಕೂತರು. ಬೀಳದಿರಲೆಂದು ಗಂಗಕ್ಕ ತಂಗಿಯ ತೋಳು ಹಿಡಿದುಕೊಂಡರು. ಫೋಮ್ ಉಸ್ಸೆಂದು, ಬಹಳ ನಿಧಾನವಾಗಿ ಇಳಿಯತೊಡಗಿತು.

ಅಷ್ಟು ಹತ್ತಿರ ಕೂತು ಸುಮ್ಮನಿರುವುದು ಪ್ರಭಾವತಿಯಿಂದ ಆಗಲಿಲ್ಲ. "ತಪ್ಪಾಯ್ತಕ್ಕ. ಬೀಗರನ್ನ ಕಂಡು ಹೆದರಿಬಿಟ್ಟಿದ್ದೆ. ಬೇರೆ ಯಾರನ್ನ ಎಬ್ಬಿಸಿದ್ರೂ ಬೇಜಾರು ಮಾಡ್ಕೋತಾರೆ, ನೀನು ನನ್ನವಳು ಅಂತ ನಿನ್ನನ್ನೇ ಎಬ್ಬಿಸಿದೆ."

ಮೆತ್ತೆ ಕ್ಯಾಲೆಂಡರಿನ ಮಟ್ಟಕ್ಕೆ ಇಳಿದಾಗ ಗಂಗಕ್ಕ ಅವಳತ್ತ ತಿರುಗಿದರು. "ಇದನ್ನ ಅವತ್ತೇ ಬಸ್‌ಸ್ಟ್ಯಾಂಡಿಗೆ ಬಂದು ಹೇಳಿದ್ರೆ ಆಗ್ತಿರ್ಲಿಲ್ವೇನೇ? ಎರಡು ಬಸ್ಸು ಬಿಟ್ಟು ಕಾಯ್ತಾ ಕೂತಿದ್ದೆ."

ಇದು ಪ್ರಭಾವತಿಗೆ ಗೊತ್ತಿರಲಿಲ್ಲ. ಅವಳು ಅತ್ತಳು, ಅಕ್ಕನೂ ಅತ್ತರು. ಅಷ್ಟರಲ್ಲಿ ಅವರ ಪಾದಗಳು ನೆಲ ಮುಟ್ಟಿದ್ದವು.

ನೀರು ತರೋಣವೆಂದು ಪ್ರಭಾವತಿ ಎದ್ದಳು. ಗಂಗಕ್ಕ ಭರ್ರನೆ ಮೇಲೆ ಹೊರಟರು. ಅವಳು ಹಾರಿ ಮತ್ತೆ ಕೂತಳು. ಗಂಗಕ್ಕ ಎದ್ದು ನೋಡಿದರು, ಈಗ ತಂಗಿ ಹೊರಟಳು. ಒಬ್ಬರು ಎದ್ದರೆ ಇನ್ನೊಬ್ಬರು ಸೂರಿಗೆ, ಹಾಗಾಗಿಹೋಯಿತು. ಒಟ್ಟಿಗೇ ಏಳೋಣವೆಂದರೆ ಒಬ್ಬರ ಮೊಣಕಾಲು ಇನ್ನೊಬ್ಬರದಕ್ಕಿಂತ ಹಿಂದೆ ಬೀಳುತ್ತಿತ್ತು.

"ಒಬ್ಬರ ತೂಕದ ಅಕ್ಕಿ ಮೂಟೆ ಇಟ್ಟರೆ ಬಿಡಿಸ್ಕೋಬಹುದು. ಈಗಲೇ ತರ್ತೀನಿ" ಎಂದು ಚಂದ್ರಮೌಳಿ ಇಬ್ಬರಿಗೂ ನೀರು ಕೊಟ್ಟು ಚಪ್ಪಲಿ ಮೆಟ್ಟಿದರು. ಅಂಗಡಿ ಇರುವುದು ಎದುರು ಮನೆಯ ಜಗಲಿಯಲ್ಲೇ. ಅವರು ಹಿಂದಿರುಗಿದ್ದು ದೀಪ ಹಚ್ಚುವ ಹೊತ್ತಿಗೆ, ಬರಿಗೈಯಲ್ಲಿ. ಅಕ್ಕತಂಗಿಯರು ಇನ್ನೂ ತಲೆಗೆ ತಲೆ ತಾಗಿಸಿಕೊಂಡು ಅಮ್ಮನ ವಿಷಯ ಮಾತಾಡುತ್ತಿದ್ದರು.

"ಅಕ್ಕಿ ಎಲ್ರೀ?" ಎಂದಳು ಪ್ರಭಾವತಿ.

"ಅಯ್ಯೋ, ಮರೆತೇಬಿಟ್ಟೆ."

ಗಂಗಕ್ಕ ಅವರನ್ನು ಮೇಲಿಂದ ಕೆಳಗೆ ನೋಡಿದರು.

"ಇರ್ಲಿ ಬಿಡಿ" ಎಂದರು. "ನಾಳೆ ತಂದ್ರಾಯ್ತು."