ಕಾಶಿಯಲ್ಲಿ ಬಿಟ್ಟದ್ದು

ಕಾಶಿಗೆ ಹೋದವರು ತಮಗೆ ಪ್ರೀತಿಯಾದದ್ದೊಂದನ್ನು ಗಂಗೆಯಲ್ಲಿ ಬಿಟ್ಟು ಬರಬೇಕು, ಮತ್ತೆ ಜನ್ಮದಲ್ಲಿ ಅದನ್ನು ಮುಟ್ಟಬಾರದು. ಹೆಂಡತಿಯ ಜೊತೆ ಹೋಗಿದ್ದ ಮಿರ್ಜಾನದ ಬೊಮ್ಮಯ್ಯನೂ ಬಿಟ್ಟು ಬಂದ. ಎಂತ ಬಿಟ್ಟೆ ಅಂತ ಮಾತ್ರ ಯಾರಿಗೂ ಹೇಳಲಿಲ್ಲ. ತಾಪತ್ರಯ ಶುರುವಾದದ್ದೇ ಅಲ್ಲಿ.

ಹೇಳದಿದ್ದರೇನು, ಊರಿಗೆ ಗೊತ್ತಿಲ್ಲವೇ? ಬೊಮ್ಮಯ್ಯನ ಪ್ರೀತಿ ಅಂದರೆ ಸಿಗಾರು. ಮೂವತ್ತನಾಲ್ಕು ವರ್ಷದ ಹಿಂದೆ, ತದಡಿ ಬಂದರಿನಲ್ಲಿ ಗುಮಾಸ್ತನಾಗಿದ್ದಾಗ, ಭಟ್ಕಳದ ಗೆಳೆಯನೊಬ್ಬ ದುಬೈಯಿಂದ ಮೊದಲ ಸಿಗಾರು ತಂದುಕೊಟ್ಟಿದ್ದ. ಅದನ್ನು ಬೀಡಿ ಎಳೆದಂತೆ ಎಳೆದು, ಕೆಮ್ಮಿ ಕೆಮ್ಮಿ ಬಂಗಡೆ ಬುಟ್ಟಿಯ ಮೇಲೆ ಕುಸಿದಿದ್ದ. ಬೇರೆಯವರಾದರೆ ಅಲ್ಲಿಗೇ ಕೈಮುಗಿಯುತ್ತಿದ್ದರು. ಇವನು ಹಟ ಹಿಡಿದು ಕಲಿತ. ಹೊಗೆ ನುಂಗಬಾರದು, ಬಾಯಲ್ಲೇ ಆಡಿಸಬೇಕು. ಬೂದಿ ಕೊಡವಬಾರದು, ತಾನಾಗಿ ಬೀಳಬೇಕು. ಮಳೆಗಾಲದಲ್ಲಿ ಬೂಷ್ಟು ಹಿಡಿಯದಂತೆ ಪೆಟ್ಟಿಗೆಯನ್ನು ಅಕ್ಕಿ ಡಬ್ಬಿಯಲ್ಲಿ ಹುಗಿದಿಡಬೇಕು. ಉಣ್ಣುವ ಅನ್ನಕ್ಕೂ ಹೊಗೆಸೊಪ್ಪಿನ ಘಾಟು ಅಂತ ಹೆಂಡತಿ ಬಂಗಾರಿ ಮೂವತ್ತನಾಲ್ಕು ವರ್ಷವೂ ಬೈದಳು. ಅವನು ಮೂವತ್ತನಾಲ್ಕು ವರ್ಷವೂ ಸೇದಿದ.

ಕಾಶಿಯಿಂದ ಬಂದ ಮೇಲೆ ಮನೆಯಲ್ಲಿ ಗಂಗಾಪೂಜೆ, ಊರಿಗೆ ಊಟ. ಅಂದು ಬೆಳಿಗ್ಗೆ ಹಲ್ಲುಜ್ಜುವುದರೊಳಗೆ ಪಕ್ಕದ ಮನೆಯ ಪ್ರಕಾಶ ಬಂದ. ಊರಲ್ಲಿರುವ ಅಷ್ಟೂ ಸಂಘಗಳಿಗೆ ಅವನೇ ಕಾರ್ಯದರ್ಶಿ.

"ಬೊಮ್ಮಣ್ಣಾ, ಅಂತೂ ಸಿಗಾರು ಬಿಟ್ರಿ! ವಾಟ್ಸಾಪಿಗೆ ಹಾಕ್ದೆ. ಕಾಗಾಲದಿಂದೆಲ್ಲಾ ಜನ ಕೈಮುಗಿದಾರೆ!"

ಬೊಮ್ಮಯ್ಯ ಹೆಹೆ ಅಂದ. ಹೌದು ಅನ್ನಲಿಲ್ಲ, ಅಲ್ಲ ಅನ್ನಲಿಲ್ಲ. ಒಂಬತ್ತಕ್ಕೆ ಎದುರು ಮನೆಯ ಮಾಸ್ತಮ್ಮ ಒಂದು ಪೊಟ್ಟಣ ಲವಂಗ ತಂದುಕೊಟ್ಟಳು. "ಚುಟ್ಟಾ ಬಿಟ್ಟ ಬಾಯಿ ಚಪ್ಪೆ ಆಗ್ತದೆ, ಇದನ್ನ ಅಗೀರಿ." ಸಿಗಾರನ್ನು ಚುಟ್ಟಾ ಅಂದದ್ದಕ್ಕೆ ಬೊಮ್ಮಯ್ಯನಿಗೆ ಮೈಯೆಲ್ಲ ಉರಿಯಿತು. ಆದರೂ ಲವಂಗ ಅಗಿದ.

ಊಟ ಮುಗಿದು ಎಲೆ ಎತ್ತುವಷ್ಟರಲ್ಲಿ ಪ್ರಕಾಶ ಅಡಿಗೆಮನೆಗೇ ನುಗ್ಗಿ, ಅಕ್ಕಿ ಡಬ್ಬಿಗೆ ಮೊಳಕೈವರೆಗೆ ಕೈಹಾಕಿ, ಪೆಟ್ಟಿಗೆ ಎತ್ತಿಕೊಂಡು ಬಂದ. "ಬಿಟ್ಟ ವಸ್ತು ಮನೇಲಿ ಇರಬಾರ್ದು. ಈಗಲೇ ಹೊಳೆಗೆ ಬಿಡ್ವ, ಬನ್ನಿ ಎಲ್ಲಾ!" ಪೆಟ್ಟಿಗೆಯಲ್ಲಿ ಇಪ್ಪತ್ತೆರಡು ಸಿಗಾರು. ಜನ ಜೈ ಅಂದು ಎದ್ದೇಬಿಟ್ಟರು.

"ಇಡೋ ಅದನ್ನ!" ಬೊಮ್ಮಯ್ಯ ಕಿರುಚಿದ. "ನಾ ಬಿಟ್ಟದ್ದು ಸಿಗಾರಲ್ಲ!"

"ಮತ್ತೆಂತ?"

"ಹಾಗಲಕಾಯಿ."

ಮೊದಲು ಬಾಯಿಬಿಟ್ಟವಳು ಮಾಸ್ತಮ್ಮ. "ಅಯ್ಯೋ ದೇವ್ರೇ! ಹಾಗಲಕಾಯಿ ಮೇಲೆ ಪ್ರೀತಿ ಇಟ್ಟವ್ರನ್ನ ನಾನಂತೂ ಈ ಜನ್ಮದಲ್ಲಿ ಕಾಣ್ಲಿಲ್ಲ!"

"ಭಟ್ರೆ, ಇದು ನಡೀತದಾ?" ಪ್ರಕಾಶ ಪುರೋಹಿತರ ಕಡೆ ತಿರುಗಿದ.

ಭಟ್ಟರು ಬಾಯಲ್ಲಿದ್ದ ವೀಳ್ಯವನ್ನು ಒಂದು ದವಡೆಗೆ ಸರಿಸಿದರು. "ಪ್ರೀತಿ ಇದ್ದದ್ದನ್ನೇ ಬಿಡಬೇಕು. ಇಲ್ದಿದ್ರೆ ಲೆಕ್ಕಕ್ಕಿಲ್ಲ, ಸಿಗಾರೇ ಬಿಡಬೇಕಾಗ್ತದೆ. ಪ್ರೀತಿ ಇತ್ತು ಅಂತ ಸಾಕ್ಷಿ ಉಂಟಾ?"

ಬೊಮ್ಮಯ್ಯ ಹೆಂಡತಿಯ ಮುಂದೆ ನಿಂತ. "ಬಂಗಾರಿ, ನಿಜ ಹೇಳು. ವಾರಕ್ಕೆ ಎರಡು ಸಲ ನೀ ಹಾಗಲಕಾಯಿ ಪಲ್ಯ ಮಾಡ್ತಿದ್ದೆ. ಒಂದೇ ಒಂದು ಹೋಳು ನಾ ತಟ್ಟೇಲಿ ಬಿಟ್ಟದ್ದುಂಟಾ?"

ಬಂಗಾರಿ ಸ್ವಲ್ಪ ಯೋಚಿಸಿದಳು. "ಇಲ್ಲ. ಎರಡನೇ ಸಲ ಬಡಿಸಿದ್ರೂ ಬೇಡ ಅಂದವರಲ್ಲ."

ಬೇಡ ಅಂದಿದ್ದರೆ ಸಿಗಾರಿನ ಪೆಟ್ಟಿಗೆ ಒಲೆಗೆ ಹೋಗುತ್ತಿತ್ತು. ಅದು ಅವನಿಗೆ ಗೊತ್ತು, ಅವಳಿಗೆ ಗೊತ್ತು. ಭಟ್ಟರಿಗೆ ಗೊತ್ತಿಲ್ಲ.

"ಆತು," ಅಂದರು ಭಟ್ಟರು. "ಹೆಂಡತಿಯೇ ಹೇಳಿದ ಮೇಲೆ ಮುಗೀತು. ಪೆಟ್ಟಿಗೆ ಕೊಡು ಪ್ರಕಾಶ."

ಬೊಮ್ಮಯ್ಯ ಗೆದ್ದ! ಪಂಚಾಯತಿ ಚುನಾವಣೆ ಗೆದ್ದವನ ಹಾಗೆ ಜನರ ನಡುವೆ ನಡೆದು ಜಗಲಿಯ ಕುರ್ಚಿಯಲ್ಲಿ ಕೂತ. ಎಲ್ಲಕ್ಕಿಂತ ಉದ್ದದ ಸಿಗಾರನ್ನೇ ಆರಿಸಿ, ತುದಿ ಕತ್ತರಿಸಿ ತುಟಿಗಿಟ್ಟ. ಪ್ರಕಾಶನ ಮುಖ ನೋಡಿ ಅವನಿಗೆ ಹೇಳಲಾರದಷ್ಟು ಸಂತೋಷವಾಯಿತು. ಕಡ್ಡಿ ಗೀರಿದ.

"ಸ್ವಲ್ಪ ತಡೀರಿ," ಅಂದಳು ಬಂಗಾರಿ. "ಭಟ್ರೆ, ನಾನೂ ಗಂಗೇಲಿ ಒಂದು ಬಿಟ್ಟು ಬಂದೆ. ನನ್ನತ್ರ ಯಾರೂ ಕೇಳ್ಲೇ ಇಲ್ಲ."

"ಎಂತ ಬಿಟ್ರಿ ತಾಯಿ?"

"ಇವರ ಸಿಗಾರಿನ ವಾಸನೆ. ಇನ್ನು ಅದು ನನ್ನ ಮೂಗಿಗೆ ಬರಬಾರ್ದು."

ಬೊಮ್ಮಯ್ಯ ಕುರ್ಚಿಯಿಂದ ಹಾರಿದ. "ಸುಳ್ಳು! ಪ್ರೀತಿ ಇದ್ದದ್ದನ್ನೇ ಬಿಡಬೇಕು ಅಂದ್ರಲ್ಲ ಭಟ್ರೆ! ಮೂವತ್ನಾಲ್ಕು ವರ್ಷ ಬೈದವಳು! ಇವಳಿಗೆ ಆ ವಾಸನೆ ಮೇಲೆ ಪ್ರೀತಿ ಎಲ್ಲಿತ್ತು?"

"ಇತ್ತು ಭಟ್ರೆ," ಬಂಗಾರಿ ಸೆರಗು ಸರಿಮಾಡಿಕೊಂಡಳು. "ಇವರಿಗೆ ಹಾಗಲಕಾಯಿ ಮೇಲೆ ಎಷ್ಟಿತ್ತೋ, ನಂಗೂ ಅಷ್ಟೇ ಇತ್ತು. ಬೇಕಿದ್ರೆ ಇವರನ್ನೇ ಸಾಕ್ಷಿ ಕೇಳಿ."

ಭಟ್ಟರು, ಪ್ರಕಾಶ, ಮಾಸ್ತಮ್ಮ, ಉಂಡ ಊರು ಎಲ್ಲಾ ಬೊಮ್ಮಯ್ಯನತ್ತ ತಿರುಗಿತು. ಕೈಯಲ್ಲಿದ್ದ ಕಡ್ಡಿ ಉರಿದು ಬೆರಳಿಗೆ ಬಂತು.

"ಹೌದು ಭಟ್ರೆ," ಅಂದ ಬೊಮ್ಮಯ್ಯ. "ಭಾಳ ಪ್ರೀತಿ ಇತ್ತು ಅವಳಿಗೆ."