ಗುಂಗುರು ಕೂದಲಿನ ಜೇನಣ್ಣ

ಎದ್ದವನೇ ಫೋನು ನೋಡಿದ ಜೇನಣ್ಣನಿಗೆ ಜೇನುಪೆಟ್ಟಿಗೆಯ ಹುಳುಗಳೆಲ್ಲ ಒಟ್ಟಿಗೆ ಕಿವಿಗೆ ಹೊಕ್ಕಂತಾಯಿತು. ಜೇನು ಮಾರಲು ಫೋನಿನಲ್ಲಿ ತೆರೆದಿದ್ದ ಖಾತೆಗೆ ಬೀಗ ಬಿದ್ದಿತ್ತು. ‘ಈ ಖಾತೆ ನಕಲಿಯೆಂದು ದೂರು ಬಂದಿದೆ’ ಎಂದು ಕೆಂಪಕ್ಷರದಲ್ಲಿ ಬರೆದಿತ್ತು. ಹಾಸ್ಟೆಲಿನ ಅಡುಗೆಯವರು ವರ್ಷಪೂರ್ತಿ ಜೇನು ಬೇಕೆಂದು ಕೇಳಿದ್ದು ಅದರಲ್ಲೇ. ಸಂಜೆಯೊಳಗೆ ಅದರಲ್ಲೇ ಹೂಂ ಅನ್ನದಿದ್ದರೆ ಆ ವ್ಯಾಪಾರ ಬೇರೆಯವರ ಪಾಲು.

ದೂರು ಕೊಟ್ಟವನು ಯಾರೆಂದು ಯೋಚಿಸುವುದೇನಿತ್ತು? ಹೆಂಡತಿಯ ತಮ್ಮ. ಅವನೂ ಜೇನು ಸಾಕಿದವನೇ. ಅವನ ಕಿವಿಗೆ ಬಿದ್ದೀತೆಂದೇ ಜೇನಣ್ಣ ಖಾತೆಯ ಸುದ್ದಿಯನ್ನು ಹೆಂಡತಿಗೂ ಹೇಳಿರಲಿಲ್ಲ.

ಜೇನಣ್ಣ ಹೋದಾಗ ಬಾಮೈದ ತನ್ನ ಹಿತ್ತಿಲಲ್ಲಿ ಮೇಣ ಕರಗಿಸುತ್ತಿದ್ದ.

“ನನ್ನ ಅನ್ನಕ್ಕೆ ಕಲ್ಲು ಹಾಕ್ತೀಯೇನೋ? ಖಾತೆ ಮುಚ್ಚಿಸಿದ್ದು ನೀನೇ ಅಲ್ವಾ?”

“ನಿಮಗೆ ಖಾತೆ ಇದೆಯಾ ಭಾವ?” ಬಾಮೈದನ ಕಣ್ಣರಳಿತು. “ಅದ್ಹೇಗೆ ತೆರೆಯೋದು? ನಂಗೂ ಒಂದು ಮಾಡ್ಕೊಡಿ.”

ಮುಚ್ಚಿಟ್ಟ ಗುಟ್ಟನ್ನು ತಾನೇ ಬಿಚ್ಚಿಟ್ಟಂತಾಯಿತು. ಇನ್ನು ಉಳಿದವನು, ಖಾತೆ ತೆರೆದುಕೊಟ್ಟ ಕ್ಷೌರದಂಗಡಿಯವನು.

“ಇಪ್ಪತ್ತು ವರ್ಷದಿಂದ ನಿನ್ನ ಕುತ್ತಿಗೆ ನನ್ನ ಕತ್ತಿ ಕೆಳಗಿದೆ ಜೇನಣ್ಣ,” ಎಂದ ಅವನು. “ಕೆಡಿಸೋ ಮನಸ್ಸಿದ್ರೆ ಖಾತೆವರೆಗೆ ಕಾಯ್ತಿದ್ನಾ? ಫೋನು ಕೊಡಿಲ್ಲಿ. ಮುಖ ತೋರಿಸಿದ್ರೆ ಬೀಗ ತೆಗೀತಾರಂತೆ.”

ಜೇನಣ್ಣ ಮುಖ ತೋರಿಸಿದ. ‘ಚಿತ್ರಕ್ಕೆ ಹೊಂದುತ್ತಿಲ್ಲ’ ಎಂದಿತು ಫೋನು. ಹೊಂದುವುದಾದರೂ ಹೇಗೆ? ಗಿರಾಕಿಗಳಿಗೆ ನಂಬಿಕೆ ಬರಲೆಂದು ಇದೇ ಮಹಾಶಯ ಖಾತೆಯ ಚಿತ್ರದಲ್ಲಿ ಜೇನಣ್ಣನ ಬೋಳುತಲೆಗೆ ಗುಂಗುರು ಕೂದಲು ಬೆಳೆಸಿ, ನೆರೆತ ಮೀಸೆಗೆ ಕಪ್ಪು ಬಳಿದಿದ್ದ.

ಪುಣ್ಯಕ್ಕೆ ನಾಟಕದವರು ಬಾಚಲು ಕೊಟ್ಟ ಗುಂಗುರು ವಿಗ್ಗೊಂದು ಅಂಗಡಿಯಲ್ಲಿತ್ತು. ಅದನ್ನು ತಲೆಗೆ ಕವುಚಿ, ಮೀಸೆಗೆ ಬಣ್ಣ ಹಚ್ಚಿದ್ದಾಯಿತು. ಸಂಜೆ ಸಮೀಪಿಸುವ ಹೊತ್ತಿಗೆ, ಮೂರನೆಯ ಸಲಕ್ಕೆ ಫೋನು ಒಪ್ಪಿ, ಖಾತೆ ತೆರೆಯಿತು.

“ಏನೋ ಮೆಸೇಜು ಬಂದಿದೆಯಲ್ಲ, ಯಾರದು?” ಕ್ಷೌರಿಕ ಕತ್ತು ಚಾಚಿದ.

ಜೇನಣ್ಣ ಫೋನನ್ನು ಎದೆಗವಚಿಕೊಂಡ. ಇವನಿಗೂ ಒಬ್ಬ ಬಾಮೈದ ಇದ್ದಾನು! ಮನೆಗೆ ಹೋಗಿ, ಬಾಗಿಲು ಹಾಕಿಕೊಂಡು ಉತ್ತರ ಬರೆದರಾಯಿತೆಂದು ವಿಗ್ಗು ಕಿತ್ತಿಟ್ಟು ಹೊರಟ.

ಮನೆಯ ಮೆಟ್ಟಿಲ ಮೇಲೆ ಹೆಂಡತಿ, ಅವಳ ಸುತ್ತ ಅಕ್ಕಪಕ್ಕದ ನಾಲ್ವರು ಹೆಂಗಸರು. ಎಲ್ಲರ ಕೈಯಲ್ಲೂ ಫೋನು.

“ಬಂದ್ರಾ? ಯಾವನೋ ಗುಂಗುರು ಕೂದಲಿನವನು ನಿಮ್ಮ ಹೆಸರಿಟ್ಕೊಂಡು ಜೇನು ಮಾರ್ತಿದ್ದಾನೆ ಕಣ್ರೀ! ನಿನ್ನೇನೇ ದೂರು ಕೊಟ್ಟು ಮುಚ್ಚಿಸಿದ್ದೆ. ಈಗ ನೋಡಿದ್ರೆ ಮತ್ತೆ ಎದ್ದು ಕೂತಿದ್ದಾನೆ, ನಾಚಿಕೆಗೆಟ್ಟೋನು. ಈ ಸಲ ಇವರೆಲ್ಲರ ಕೈಲೂ ದೂರು ಕೊಡಿಸ್ದೆ.”

ಜೇನಣ್ಣನ ಅಂಗೈಯಲ್ಲಿ ಫೋನು ನಡುಗಿತು. ‘ಈ ಖಾತೆಯನ್ನು ಶಾಶ್ವತವಾಗಿ ಮುಚ್ಚಲಾಗಿದೆ.’ ಬೀದಿಯ ಕೊನೆಯಲ್ಲಿ ಹೊತ್ತು ಮುಳುಗುತ್ತಿತ್ತು.

ಹೆಂಡತಿ ಮೆಲ್ಲಗೆ ಎದ್ದು ಹತ್ತಿರ ಬಂದಳು. ನಾಲ್ವರೂ ಕತ್ತು ಉದ್ದ ಮಾಡಿದರು.

“ಅದಿರಲಿ. ಬೆಳಿಗ್ಗೆ ಬೆಳ್ಳಗಿದ್ದ ಮೀಸೆ ಈಗ ಕರ್ರಗೆ ಮಿಂಚ್ತಿದೆಯಲ್ಲ. ಯಾರಿಗೆ ತೋರಿಸೋಕೆ ಹೋಗಿದ್ರಿ?”